ಹೊರನಾಡಿನ ಆಟ, ಒಳಮನೆಯ ದುಭಾಷಿ

ಮೈಸೂರಿನಲ್ಲಿ ಅಚ್ಚಾದ ಪುಸ್ತಕವನ್ನು ಧಾರವಾಡದ ದೀಪದ ಬೆಳಕಿನಲ್ಲಿ ಓದಲಾಗದೆಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುತ್ತೇವೆ. ಚನ್ನಪಟ್ಟಣದಲ್ಲಿ ಕಡೆದ ಬುಗುರಿ ಮಂಗಳೂರಿನ ಅಂಗಳದಲ್ಲಿ ತಿರುಗಲೊಲ್ಲದು ಎಂದರೂ ಅಷ್ಟೆ. ಚೌಕಾಬಾರದ ಮನೆಗಳನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದರೂ ಆದೀತು, ಹಲಗೆಯ ಮೇಲೆ ಕೊರೆದರೂ ಆದೀತು. ಕವಡೆ ದೊರೆಯದಿದ್ದರೆ ಹುಣಿಸೆಯ ಬೀಜವನ್ನು ಒಂದು ಮಗ್ಗುಲು ತೇಯ್ದು ಆಡುವುದೂ ಉಂಟು. ಆದರೆ ನಮ್ಮ ಕಾಲದ ಒಂದು ಬಗೆಯ ಆಟಕ್ಕೆ ಮಾತ್ರ ಈ ಸ್ವಾತಂತ್ರ್ಯ ಹುಟ್ಟಿನಿಂದಲೇ ಇಲ್ಲ. ಅದು ಕಂಪ್ಯೂಟರಿನ ಆಟ.

ಹಣ ಕೊಟ್ಟು ತಂದ ಆಟವಾದರೂ ಅದು ಯಾವ ‘ಆಪರೇಟಿಂಗ್ ಸಿಸ್ಟಂ’ಗಾಗಿ, ಎಂದರೆ ಕಂಪ್ಯೂಟರಿನ ಯಾವ ಕಾರ್ಯವ್ಯವಸ್ಥೆಗಾಗಿ ರಚಿತವಾಗಿದೆಯೋ ಅದರಲ್ಲಿ ಮಾತ್ರ ನಡೆಯುತ್ತದೆ. ವಿಂಡೋಸ್‌ಗೆಂದು ಮಾಡಿದ ಆಟವನ್ನು ಲಿನಕ್ಸ್ ಕಂಪ್ಯೂಟರಿನ ಮುಂದಿಟ್ಟರೆ ಅದು ಅನ್ಯಲಿಪಿಯ ಶಾಸನದ ಮುಂದೆ ನಿಂತ ಯಾತ್ರಿಕನಂತೆ ಸುಮ್ಮನೆ ನೋಡುತ್ತದೆ. ವಿಚಿತ್ರವೆಂದರೆ ಎರಡು ಪೆಟ್ಟಿಗೆಗಳ ಒಳಗೂ ಇರುವ ಯಂತ್ರ ಒಂದೇ: ಅದೇ ಪ್ರೊಸೆಸರು, ಅದೇ ಸ್ಮೃತಿಕೋಶ, ಅದೇ ಪರದೆ. ದೇಹಪ್ರಕೃತಿ ಒಂದೇ ಆಗಿದ್ದು ಭಾಷೆ ಬೇರೆಯಾದ ಇಬ್ಬರು ನೆರೆಯವರಂತೆ ಅವು ಇವೆ. ಈ ಭಾಷಾಭೇದವನ್ನು ದಾಟಿದ ಪ್ರಯತ್ನದ ಕಥೆಯೇ ಈ ವಾರದ ವಿಷಯ. ಆಟದ ಮಾತೆಂದು ವಾಚಕರು ಇದನ್ನು ಹಗುರವಾಗಿ ತಳ್ಳಿಬಿಡಬಾರದು. ನಾವು ಕೊಂಡ ವಸ್ತು ಎಷ್ಟರಮಟ್ಟಿಗೆ ನಮ್ಮದು, ಇಂದಿನ ಕೃತಿ ನಾಳೆಗೆ ಉಳಿದೀತೆ ಎಂಬ ಎರಡು ಪ್ರಶ್ನೆಗಳು ಈ ಚಿಕ್ಕ ವಿಷಯದ ಬೆನ್ನಿಗೇ ಬಂದು ನಿಲ್ಲುತ್ತವೆ.

ಮೊದಲು ಭೇದದ ಮೂಲವನ್ನು ನೋಡೋಣ. ಕಂಪ್ಯೂಟರಿನಲ್ಲಿ ನಡೆಯುವ ಯಾವ ಪ್ರೋಗ್ರಾಮೇ ಆಗಲಿ ಎರಡು ಬಗೆಯ ಮಾತುಗಳನ್ನಾಡುತ್ತದೆ. ಕೂಡು, ಕಳೆ, ಹೋಲಿಸು, ಇಲ್ಲಿರುವುದನ್ನು ಅಲ್ಲಿಡು ಎಂಬ ಲೆಕ್ಕದ ಅಪ್ಪಣೆಗಳು ಮೊದಲನೆಯ ಬಗೆ. ಇವು ನೇರವಾಗಿ ಪ್ರೊಸೆಸರಿಗೆ ಸಲ್ಲುತ್ತವೆ. ಪ್ರೊಸೆಸರು ಒಂದೇ ಆಗಿದ್ದರೆ, ವಿಂಡೋಸ್ ಆದರೇನು, ಲಿನಕ್ಸ್ ಆದರೇನು, ಇವುಗಳಲ್ಲಿ ವ್ಯತ್ಯಾಸವಿಲ್ಲ. ಎರಡನೆಯ ಬಗೆಯವು ವಿಜ್ಞಾಪನೆಗಳು. ‘ಈ ಕಡತವನ್ನು ತೆರೆದುಕೊಡು’, ‘ಪರದೆಯ ಮೇಲೆ ಇಷ್ಟು ಜಾಗ ಕೊಡು’, ‘ಈ ಧ್ವನಿಯನ್ನು ನುಡಿಸು’, ‘ಆಡುವವನು ಯಾವ ಗುಂಡಿಯನ್ನೊತ್ತಿದನು, ಹೇಳು’ ಎಂದು ಆಟವು ತನ್ನ ಮನೆಯ ಯಜಮಾನನಾದ ಕಾರ್ಯವ್ಯವಸ್ಥೆಯನ್ನು ಎಡೆಬಿಡದೆ ಕೇಳುತ್ತಿರುತ್ತದೆ. ಈ ಕೇಳುವ ಮಾತುಗಳು ಮನೆ ಮನೆಗೆ ಬೇರೆ. ಕಡತವನ್ನು ತೆರೆಯೆನ್ನುವುದಕ್ಕೆ ವಿಂಡೋಸ್‌ನಲ್ಲಿ ‘ಕ್ರಿಯೇಟ್‌ಫೈಲ್’ ಎಂದು ಕರೆಯಬೇಕು. ಲಿನಕ್ಸ್‌ನಲ್ಲಿ ‘ಓಪನ್’ ಎಂದರೆ ಬಾಗಿಲು ತೆರೆದೀತು. ವಿಂಡೋಸ್‌ನ ಕಡತಗಳು ‘ಸಿ’, ‘ಡಿ’ ಎಂಬ ಹೆಸರಿನ ಓಣಿಗಳಲ್ಲಿ ವಾಸಿಸುತ್ತವೆ. ಲಿನಕ್ಸ್‌ನಲ್ಲಿ ಓಣಿಗಳೇ ಇಲ್ಲ, ಎಲ್ಲವೂ ಒಂದೇ ಬೇರಿನಿಂದ ಕವಲೊಡೆದ ಮರದ ಕೊಂಬೆಗಳು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಗಣಿಸುವುದಿಲ್ಲ. ಲಿನಕ್ಸ್ ಮಡಿವಂತರ ಮನೆಯ ಅಜ್ಜಿಯಂತೆ ಕಟ್ಟುನಿಟ್ಟಾಗಿ ಗಣಿಸುತ್ತದೆ.

ಈ ಕಂದಕವನ್ನು ದಾಟಲು ಮೂರು ಮಾರ್ಗಗಳುಂಟು. ಮೊದಲನೆಯದು ಅನುಕರಣ, ಎಂದರೆ ‘ಎಮ್ಯುಲೇಶನ್’. ಪರಕೀಯ ಯಂತ್ರವೊಂದನ್ನು, ಅದರ ಪ್ರೊಸೆಸರಿನಿಂದ ಹಿಡಿದು ಧ್ವನಿ ಹೊರಡಿಸುವ ಭಾಗದವರೆಗೆ, ಲೆಕ್ಕದ ಮೂಲಕವೇ ನಮ್ಮ ಯಂತ್ರದೊಳಗೆ ಕಟ್ಟಿ ನಿಲ್ಲಿಸುವುದು. ಇದು ಬಯಲಾಟದ ವೇಷದಂತೆ. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲವನ್ನೂ ಧರಿಸಬೇಕಾದುದರಿಂದ ಶ್ರಮ ಹೆಚ್ಚು, ವೇಗ ಕಡಿಮೆ. ಎರಡನೆಯದು ಮನೆಯೊಳಗೆ ಇನ್ನೊಂದು ಮನೆ ಕಟ್ಟುವುದು. ಇದಕ್ಕೆ ‘ವರ್ಚುವಲ್ ಮೆಷೀನ್’ ಎನ್ನುತ್ತಾರೆ. ಲಿನಕ್ಸ್‌ನ ಒಳಗೆ ವಿಂಡೋಸ್ ಅನ್ನೇ ಪೂರ್ಣವಾಗಿ ಪ್ರತಿಷ್ಠಾಪಿಸಬೇಕು. ಸ್ಮೃತಿಕೋಶವನ್ನು ಇಬ್ಬರಿಗೂ ಹಂಚಬೇಕು, ವಿಂಡೋಸ್‌ನ ಪರವಾನಗಿಗೂ ಹಣ ತೆರಬೇಕು. ಮೂರನೆಯದೇ ದುಭಾಷಿಯ ಮಾರ್ಗ. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೂ ನಮ್ಮ ನಾಡಿನವರಿಗೂ ನಡುವೆ ದುಭಾಷಿಗಳು ಕುಳಿತು ಮಾತನ್ನು ದಾಟಿಸುತ್ತಿದ್ದರಷ್ಟೆ. ಹಾಗೆಯೇ ಆಟವು ವಿಂಡೋಸ್‌ನ ಮಾತಿನಲ್ಲಿ ಕೇಳಿದ ಪ್ರತಿಯೊಂದು ವಿಜ್ಞಾಪನೆಯನ್ನೂ ಆ ಕ್ಷಣದಲ್ಲಿಯೇ ಲಿನಕ್ಸ್‌ನ ಮಾತಿಗೆ ತಿರುಗಿಸಿ, ಬಂದ ಉತ್ತರವನ್ನು ಮರಳಿ ವಿಂಡೋಸ್‌ನ ಮಾತಿನಲ್ಲಿ ಒಪ್ಪಿಸುವುದು. ಲೆಕ್ಕದ ಅಪ್ಪಣೆಗಳು ನೇರವಾಗಿ ಪ್ರೊಸೆಸರಿಗೇ ಹೋಗುತ್ತವಾದುದರಿಂದ ಇಲ್ಲಿ ವೇಗದ ನಷ್ಟ ಬಹಳ ಕಡಿಮೆ.

ಈ ದುಭಾಷಿಯ ಹೆಸರು ‘ವೈನ್’. ಪಾನನಿರೋಧದ ಪಕ್ಷಪಾತಿಗಳು ಗಾಬರಿಯಾಗಬೇಕಿಲ್ಲ. ‘ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್’, ಎಂದರೆ ‘ವೈನ್ ಅನುಕರಣಯಂತ್ರವಲ್ಲ’ ಎಂಬುದರ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸ್ ಅನ್ನು ಲೋಕದ ಮುಂದಿಟ್ಟ ಎರಡೇ ವರ್ಷಗಳಲ್ಲಿ, ೧೯೯೩ರಲ್ಲಿ, ಬಾಬ್ ಆಮ್‌ಸ್ಟಾಟ್, ಎರಿಕ್ ಯಂಗ್‌ಡೇಲ್ ಎಂಬವರು ಈ ಕೆಲಸವನ್ನು ಆರಂಭಿಸಿದರು. ೧೯೯೪ರಿಂದ ಅದರ ನಾಯಕತ್ವ ಅಲೆಕ್ಸಾಂದ್ರ್ ಜೂಲಿಯಾರ್ ಎಂಬವರದು. ಅದರ ಮೊದಲನೆಯ ಪೂರ್ಣ ಆವೃತ್ತಿ ಹೊರಬಿದ್ದದ್ದು ೨೦೦೮ರ ಜೂನ್‌ನಲ್ಲಿ. ಹದಿನೈದು ವರ್ಷಗಳು! ಒಂದು ನಿಘಂಟಿನ ಸಂಪುಟ ಸಿದ್ಧವಾಗುವ ವೇಳೆಗೆ ಸಂಪಾದಕರ ಕೂದಲು ನರೆಯುವುದನ್ನು ಕಂಡ ನಮಗೆ ಈ ಸಂಖ್ಯೆಯ ಅರ್ಥ ಸುಲಭವಾಗಿ ತಿಳಿಯುತ್ತದೆ.

ಏಕೆ ಇಷ್ಟು ಕಾಲ? ವಿಂಡೋಸ್‌ನ ಮೂಲಲಿಪಿ ಮೈಕ್ರೋಸಾಫ್ಟ್ ಸಂಸ್ಥೆಯ ಸ್ವತ್ತು. ಅದು ಹೊರಗಿನವರಿಗೆ ತೆರೆದುದಲ್ಲ. ಕದ್ದು ಹೊರಬಂದ ಮೂಲಲಿಪಿಯನ್ನು ಕಂಡವರಿಂದ ವೈನ್‌ನ ಬಳಗವು ಒಂದು ಸಾಲನ್ನೂ ಸ್ವೀಕರಿಸುವುದಿಲ್ಲ. ಹಾಗಾದರೆ ಒಳಗಿನ ನಿಯಮ ತಿಳಿಯುವುದೆಂತು? ಇಲ್ಲಿ ನನಗೆ ಕೇಶಿರಾಜನ ನೆನಪಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಆತನ ಮುಂದಿದ್ದುದು ಹಿಂದಿನ ಕವಿಗಳ ಪ್ರಯೋಗ. ಪ್ರಯೋಗಗಳನ್ನು ಪರೀಕ್ಷಿಸಿ ಅವುಗಳೊಳಗಿನ ಲಕ್ಷಣವನ್ನು ಸೂತ್ರವಾಗಿ ಬರೆದ. ವೈನ್‌ನವರ ರೀತಿಯೂ ಇದೇ. ಪ್ರಕಟವಾದ ಕೈಪಿಡಿಯನ್ನು ಓದುತ್ತಾರೆ; ಅನಂತರ ಚಿಕ್ಕ ಚಿಕ್ಕ ಪರೀಕ್ಷಾ ಪ್ರೋಗ್ರಾಂಗಳನ್ನು ಬರೆದು ನಿಜವಾದ ವಿಂಡೋಸ್‌ನ ಮುಂದಿಟ್ಟು, ‘ಹೀಗೆ ಕೇಳಿದರೆ ಏನು ಉತ್ತರ ಕೊಡುತ್ತೀಯೆ?’ ಎಂದು ನೋಡುತ್ತಾರೆ. ಅದೇ ಉತ್ತರವನ್ನು ಕೊಡುವಂತೆ ತಮ್ಮದೇ ಆದ ಲಿಪಿಯನ್ನು ಬರೆಯುತ್ತಾರೆ. ಕೈಪಿಡಿ ಒಂದು ಹೇಳಿ ವಿಂಡೋಸ್ ಇನ್ನೊಂದು ಮಾಡಿದರೆ, ವಿಂಡೋಸ್ ಮಾಡಿದ್ದೇ ಪ್ರಮಾಣ. ಏಕೆಂದರೆ ಆಟವನ್ನು ಬರೆದವನು ಕೈಪಿಡಿಯನ್ನು ನಂಬಿ ಕೂತವನಲ್ಲ. ತನ್ನ ಯಂತ್ರದಲ್ಲಿ ನಡೆದುದನ್ನು ನೋಡಿ ಬರೆದವನು. ಆದುದರಿಂದ ದುಭಾಷಿಯಾದವನು ಮೂಲದ ದೋಷಗಳನ್ನೂ ದೋಷವಾಗಿಯೇ ಅನುವಾದಿಸಬೇಕಾಗುತ್ತದೆ. ವ್ಯಾಕರಣ ಕಲಿಸುವ ನನ್ನಂಥವನಿಗೆ ಇದಕ್ಕಿಂತ ವಿನಯಪಾಠ ಬೇರೆ ಬೇಕೆ?

ಇಷ್ಟಾದರೂ ಆಟಗಳ ವಿಷಯದಲ್ಲಿ ಒಂದು ದೊಡ್ಡ ತೊಡಕು ಉಳಿದಿತ್ತು. ಇಂದಿನ ಆಟಗಳಲ್ಲಿ ಕಾಡು, ಕೋಟೆ, ಮಳೆ, ನೆರಳು ಎಲ್ಲವೂ ಕ್ಷಣ ಕ್ಷಣಕ್ಕೂ ಹೊಸದಾಗಿ ಚಿತ್ರಿತವಾಗುತ್ತವೆ. ಈ ಚಿತ್ರಕರ್ಮದ ಅಪ್ಪಣೆಗಳಿಗಾಗಿ ವಿಂಡೋಸ್‌ನಲ್ಲಿ ‘ಡೈರೆಕ್ಟ್‌ತ್ರೀಡಿ’ ಎಂಬ ಪ್ರತ್ಯೇಕ ಪರಿಭಾಷೆಯೇ ಇದೆ. ೨೦೧೬ರಲ್ಲಿ ‘ವಲ್ಕನ್’ ಎಂಬ, ಹಲವು ವ್ಯವಸ್ಥೆಗಳಿಗೆ ಸಲ್ಲುವ ಇನ್ನೊಂದು ಪರಿಭಾಷೆ ಪ್ರಕಟವಾಯಿತು. ಮರುವರ್ಷ ಫಿಲಿಪ್ ರೆಬೋಲೆ ಎಂಬ ತರುಣನಿಗೆ ‘ನಿಯರ್: ಆಟೊಮೇಟಾ’ ಎಂಬ ಜಪಾನಿ ಆಟವನ್ನು ತನ್ನ ಲಿನಕ್ಸ್ ಯಂತ್ರದಲ್ಲಿ ಆಡಬೇಕೆಂಬ ಆಸೆ ಹುಟ್ಟಿತು. ಇತರರಾಗಿದ್ದರೆ ವಿಂಡೋಸ್ ಕೊಂಡು ತರುತ್ತಿದ್ದರು. ಈತ ಡೈರೆಕ್ಟ್‌ತ್ರೀಡಿಯ ಮಾತುಗಳನ್ನು ವಲ್ಕನ್‌ನ ಮಾತುಗಳಿಗೆ ತಿರುಗಿಸುವ ‘ಡಿಎಕ್ಸ್‌ವಿಕೆ’ ಎಂಬ ಅನುವಾದಕವನ್ನೇ ಬರೆದ! ಹಟವು ಹುಚ್ಚಿನ ಅಂಚನ್ನು ಮುಟ್ಟಿದಾಗ ಲೋಕಕ್ಕೆ ಒಮ್ಮೊಮ್ಮೆ ಇಂಥ ಉಪಕಾರಗಳಾಗುತ್ತವೆ.

ಅಮೆರಿಕದ ವಾಲ್ವ್ ಎಂಬ ಸಂಸ್ಥೆ ‘ಸ್ಟೀಮ್’ ಹೆಸರಿನ ದೊಡ್ಡ ಆಟದಂಗಡಿಯ ಒಡೆತನ ಹೊಂದಿದೆ. ೨೦೧೨ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ೮ರಲ್ಲಿ ತನ್ನದೇ ಅಂಗಡಿಯನ್ನು ತೆರೆದಾಗ, ಪರರ ಜಗಲಿಯ ಮೇಲೆ ಅಂಗಡಿ ಹೂಡಿದವನಿಗಾಗುವ ಭಯ ವಾಲ್ವ್‌ಗೂ ಆಯಿತು. ಅದು ಲಿನಕ್ಸ್ ಕಡೆ ತಿರುಗಿತು. ೨೦೧೫ರಲ್ಲಿ ‘ಸ್ಟೀಮ್ ಮೆಷೀನ್’ ಎಂಬ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಆದರೆ ಲಿನಕ್ಸ್‌ಗೆಂದು ರಚಿತವಾದ ಆಟಗಳು ಕಡಿಮೆಯಿದ್ದುದರಿಂದ ಕೊಳ್ಳುವವರು ಮುಂದಾಗಲಿಲ್ಲ. ಆಟ ಬರೆಯುವವರನ್ನು ಲಿನಕ್ಸ್ ಕಲಿಯಿರೆಂದು ಬೇಡುವುದಕ್ಕಿಂತ ದುಭಾಷಿಯನ್ನು ನೇಮಿಸಿಕೊಳ್ಳುವುದು ಮೇಲೆಂದು ವಾಲ್ವ್ ಅರಿತುಕೊಂಡಿತು. ವೈನ್, ಡಿಎಕ್ಸ್‌ವಿಕೆ ಮೊದಲಾದುವನ್ನು ಒಂದಾಗಿ ಹೊಲಿದು ೨೦೧೮ರ ಆಗಸ್ಟ್‌ನಲ್ಲಿ ‘ಪ್ರೋಟಾನ್’ ಎಂಬ ಹೆಸರಿನಿಂದ ಹೊರತಂದಿತು. ೨೦೨೨ರ ಫೆಬ್ರವರಿಯಲ್ಲಿ ಬಂದ ‘ಸ್ಟೀಮ್ ಡೆಕ್’ ಎಂಬ ಅಂಗೈ ಯಂತ್ರದೊಳಗೆ ಇರುವುದು ಲಿನಕ್ಸ್. ಅದರಲ್ಲಿ ಜನ ಆಡುವುದು ಬಹುಮಟ್ಟಿಗೆ ವಿಂಡೋಸ್‌ನ ಆಟಗಳನ್ನು. ನಡುವೆ ದುಭಾಷಿಯೊಬ್ಬ ಕುಳಿತಿದ್ದಾನೆಂಬುದು ಆಡುವವರಲ್ಲಿ ಅನೇಕರಿಗೆ ತಿಳಿದೂ ಇಲ್ಲ. ಅನುವಾದಕನ ಹೆಸರನ್ನು ಓದುಗರು ಮರೆಯುವುದು ನಮ್ಮ ಸಾಹಿತ್ಯದಲ್ಲಿಯೂ ಹೊಸ ಸಂಗತಿಯೇನಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೊಸ ಆಟಗಳ ಮಾತಾಯಿತು. ಹಳೆಯವುಗಳ ಕಥೆ ಇನ್ನೂ ಸ್ವಾರಸ್ಯವಾದುದು. ತೊಂಬತ್ತರ ದಶಕದಲ್ಲಿಯೂ ಅದರ ಅನಂತರವೂ ನಮ್ಮ ಶಾಲಾ ಕಾಲೇಜುಗಳ ಕಂಪ್ಯೂಟರು ಕೊಠಡಿಗಳಲ್ಲಿ, ಉಪಾಧ್ಯಾಯರು ಬೆನ್ನು ತಿರುಗಿಸಿದ ಕೂಡಲೆ ಪರದೆಯ ಮೇಲೆ ಮೂಡುತ್ತಿದ್ದವು ಎರಡು ಮುಖಗಳು: ಒಂದು ‘ಡೇವ್’, ಇನ್ನೊಂದು ‘ಪ್ರಿನ್ಸ್ ಆಫ್ ಪರ್ಶಿಯಾ’. ಈ ಎರಡನೆಯದನ್ನು ಜೋರ್ಡನ್ ಮೆಕ್ನರ್ ಎಂಬಾತ ೧೯೮೯ರಲ್ಲಿ ರಚಿಸಿದ್ದು ‘ಆ್ಯಪಲ್ ಟು’ ಎಂಬ ಯಂತ್ರಕ್ಕಾಗಿ. ತನ್ನ ತಮ್ಮನನ್ನು ಓಡಿಸಿ, ನೆಗೆಯಿಸಿ, ಚಲನಚಿತ್ರ ತೆಗೆದು, ಆ ಒಂದೊಂದು ಭಂಗಿಯನ್ನೂ ಚಿತ್ರಕ್ಕೆ ಇಳಿಸಿದುದರಿಂದಲೇ ರಾಜಕುಮಾರನ ನಡಿಗೆಯಲ್ಲಿ ಅಷ್ಟು ಜೀವ. ಮರುವರ್ಷ ಅದು ಡಾಸ್ ವ್ಯವಸ್ಥೆಗೆ ಬಂದಿತು. ನಮ್ಮವರು ಕಂಡುದು ಈ ರೂಪವನ್ನು. ಇಂದು ಡಾಸ್ ಎಲ್ಲಿದೆ? ಆ ಯಂತ್ರಗಳು ಗುಜರಿಗೆ ಹೋಗಿ ಯಾವ ಕಾಲವಾಯಿತೋ! ಆದರೂ ರಾಜಕುಮಾರ ಇನ್ನೂ ನೆಗೆಯುತ್ತಿದ್ದಾನೆ. ೨೦೦೨ರಲ್ಲಿ ಹೊರಬಂದ ‘ಡಾಸ್‌ಬಾಕ್ಸ್’ ಎಂಬ ಅನುಕರಣಯಂತ್ರ ಆ ಕಾಲದ ಕಂಪ್ಯೂಟರನ್ನು ಅದರ ಧ್ವನಿಯ ಸಮೇತ ನಮ್ಮ ಯಂತ್ರದೊಳಗೆ ಕಟ್ಟಿಕೊಡುತ್ತದೆ. ಆ ಯಂತ್ರಗಳ ವೇಗ ಇಂದಿನದರ ಮುಂದೆ ಇರುವೆಯ ನಡಿಗೆಯಾದುದರಿಂದ ಇಲ್ಲಿ ಅನುಕರಣದ ಭಾರ ಯಾರಿಗೂ ತೋರುವುದಿಲ್ಲ. ೨೦೦೮ರಲ್ಲಿ ಪೋಲೆಂಡಿನಲ್ಲಿ ಆರಂಭವಾದ ‘ಗಾಗ್’ ಎಂಬ ಅಂಗಡಿ ಹಳೆಯ ಡಾಸ್ ಆಟಗಳೊಡನೆ ಡಾಸ್‌ಬಾಕ್ಸನ್ನೂ ಸೇರಿಸಿಯೇ ಮಾರತೊಡಗಿತು.

ಮೆಕ್ನರ್‌ನ ಕಥೆಗೆ ಇನ್ನೊಂದು ಅಂಕವಿದೆ. ತಾನು ಬರೆದ ಮೂಲಲಿಪಿ ಕಳೆದುಹೋಯಿತೆಂದೇ ಆತ ಬಹುಕಾಲ ತಿಳಿದಿದ್ದ. ೨೦೧೨ರಲ್ಲಿ ಆತನ ತಂದೆಗೆ ಮನೆಯಲ್ಲೊಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಆ ಹಳೆಯ ಡಿಸ್ಕುಗಳು. ತಜ್ಞರು ಬಂದು, ಹಳೆಯ ಯಂತ್ರಗಳನ್ನು ಹೂಡಿ, ಅವುಗಳಲ್ಲಿದ್ದುದನ್ನು ಓದಿ ತೆಗೆದರು. ಕೃತಿಕಾರನು ಬದುಕಿರುವಾಗಲೇ, ಇಪ್ಪತ್ತಮೂರು ವರ್ಷಗಳೊಳಗೇ, ಕೃತಿಗೆ ಇಂಥ ಗಂಡಾಂತರ! ಸಾವಿರ ವರ್ಷದ ತಾಳೆಗರಿಯ ಪಾಠವನ್ನು ಉಳಿಸಿಕೊಂಡ ನಾವು ಇದನ್ನು ಕೇಳಿ ಬೆರಗಾಗಬೇಕು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ದೊರೆಯುವುದಿಲ್ಲ.

ಹುಟ್ಟಿದ ಮನೆ ಮರೆತುದನ್ನು ಪರರ ಮನೆ ಕಾಪಾಡುವುದೂ ಉಂಟು. ವಿಂಡೋಸ್ ೩.೧ರ ಕಾಲದ ಪ್ರೋಗ್ರಾಂಗಳು ಹದಿನಾರು ಬಿಟ್‌ನವು. ವಿಂಡೋಸ್ ೧೧ ಅರವತ್ತನಾಲ್ಕು ಬಿಟ್‌ನದು; ಹದಿನಾರರ ಮಕ್ಕಳನ್ನು ಅದು ಗುರುತಿಸುವುದೇ ಇಲ್ಲ. ಲಿನಕ್ಸ್‌ನಲ್ಲಿ ಕುಳಿತ ವೈನ್ ಮಾತ್ರ ಅವುಗಳಲ್ಲಿ ಅನೇಕವನ್ನು ಇನ್ನೂ ನಡೆಯಿಸುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ೧೯೦೫ರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ದ ತಾಳೆಗರಿ ಬಂದಿತಷ್ಟೆ, ಮಗಧದ ಆ ರಾಜನೀತಿಗ್ರಂಥ ಅಲ್ಲಿ ಉಳಿದಿದ್ದುದು ದಕ್ಷಿಣದೇಶದ ಗ್ರಂಥಲಿಪಿಯಲ್ಲಿ. ೧೯೦೯ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಹೊಸ ಲಿಪಿಗೆ ಪ್ರತಿ ಮಾಡಿದ ಅಜ್ಞಾತ ಲಿಪಿಕಾರನಿಲ್ಲದಿದ್ದರೆ ನಮಗೆ ಆ ಪಾಠ ಸಿಗುತ್ತಿರಲಿಲ್ಲ. ವೈನ್‌ನ ಸ್ವಯಂಸೇವಕರನ್ನು ನಾನು ಆ ಲಿಪಿಕಾರರ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುವುದಿಲ್ಲ.

ಇದೆಲ್ಲವೂ ನ್ಯಾಯಸಮ್ಮತವೆ ಎಂದು ವಾಚಕರು ಕೇಳಬಹುದು. ಉಚಿತವಾದ ಪ್ರಶ್ನೆ. ೧೯೯೯ರಲ್ಲಿ ಅಮೆರಿಕದ ಕನೆಕ್ಟಿಕ್ಸ್ ಎಂಬ ಸಂಸ್ಥೆ ಸೋನಿಯವರ ಪ್ಲೇಸ್ಟೇಶನ್ ಆಟಗಳನ್ನು ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಆಡಿಸುವ ‘ವರ್ಚುವಲ್ ಗೇಮ್ ಸ್ಟೇಶನ್’ ಅನ್ನು ಮಾರಾಟಕ್ಕಿಟ್ಟಿತು. ಸೋನಿ ನ್ಯಾಯಾಲಯಕ್ಕೆ ಹೋಯಿತು. ಯಂತ್ರದ ನಡವಳಿಕೆಯನ್ನು ತಿಳಿಯಲೆಂದು ಅದರ ಲಿಪಿಯನ್ನು ಪರಿಶೀಲಿಸಿ, ಅನಂತರ ಸ್ವಂತವಾಗಿ ಹೊಸದನ್ನು ಬರೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ೨೦೦೦ದಲ್ಲಿ ತೀರ್ಪಿತ್ತಿತು. ಕನೆಕ್ಟಿಕ್ಸ್ ಗೆದ್ದಿತು. ಆದರೆ ಮರುವರ್ಷ ಸೋನಿ ಆ ತಂತ್ರಾಂಶವನ್ನೇ ಕೊಂಡುಕೊಂಡು ಮಾರಾಟವನ್ನು ನಿಲ್ಲಿಸಿಬಿಟ್ಟಿತು! ವ್ಯಾಜ್ಯದಲ್ಲಿ ಸೋತವನು ವಸ್ತುವನ್ನೇ ಕೊಂಡು ಹೂಳುವ ಈ ಉಪಾಯ ನಮ್ಮ ಜಮೀನ್ದಾರರಿಗೂ ಹೊಳೆದಿರಲಾರದು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದುಭಾಷಿಯನ್ನಿಟ್ಟುಕೊಳ್ಳುವುದು ಒಂದು, ಆಟವನ್ನು ಕದಿಯುವುದು ಮತ್ತೊಂದು. ಹಣ ತೆತ್ತು ಕೊಂಡ ಆಟವನ್ನು ತನಗೆ ಬೇಕಾದ ಯಂತ್ರದಲ್ಲಿ ಆಡುವವನಿಗೂ, ಕಳ್ಳಪ್ರತಿಯನ್ನು ಇಳಿಸಿಕೊಳ್ಳುವವನಿಗೂ ಓದುಗನಿಗೂ ಪುಸ್ತಕಚೋರನಿಗೂ ಇರುವಷ್ಟೇ ಅಂತರವಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಆಳವಾದುದು. ದುಭಾಷಿ ಅಷ್ಟು ಸಮರ್ಥನಾದರೆ ಆಟ ರಚಿಸುವವರು ಲಿನಕ್ಸ್‌ಗಾಗಿ ಬರೆಯುವ ಗೋಜಿಗೇ ಹೋಗುವುದಿಲ್ಲವಲ್ಲ? ಇದಕ್ಕೆ ಇತಿಹಾಸದ ಆಧಾರವೂ ಇದೆ. ಐಬಿಎಂ ಸಂಸ್ಥೆ ೧೯೯೨ರಲ್ಲಿ ಹೊರತಂದ ‘ಓಎಸ್ ಟು’ವಿನ ಆವೃತ್ತಿ ವಿಂಡೋಸ್‌ನ ಪ್ರೋಗ್ರಾಂಗಳನ್ನು ಚೆನ್ನಾಗಿ ನಡೆಯಿಸುತ್ತಿತ್ತು, ಐಬಿಎಂ ಅದನ್ನೇ ಹೆಮ್ಮೆಯಿಂದ ಸಾರಿತು. ವಿಂಡೋಸ್‌ಗೆ ಬರೆದರೆ ಎರಡು ಕಡೆಯೂ ನಡೆಯುವುದಾದರೆ ಓಎಸ್ ಟುವಿಗೆಂದು ಬೇರೆ ಏಕೆ ಬರೆಯಬೇಕೆಂದು ರಚನಕಾರರು ಯೋಚಿಸಿದರು. ಓಎಸ್ ಟು ನಂದಿಹೋಗಲು ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅನುವಾದವು ಸ್ವಂತ ಸೃಷ್ಟಿಯನ್ನು ಯಾವಾಗಲೂ ಕೊಲ್ಲುತ್ತದೆಂದು ಒಪ್ಪಲು ಕನ್ನಡಿಗನಿಗೆ ಸಾಧ್ಯವೆ? ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಅನುವಾದವಾಗಿಯೇ ಬಂದು ನವೋದಯ ಕಾವ್ಯಕ್ಕೆ ದಾರಿ ತೆರೆಯಿತು. ಓದುವ ಜನ ಮೊದಲು ಬೇಕು. ಬರೆಯುವವರು ಅನಂತರ ಬಂದಾರು. ಆಟವಿಲ್ಲದ ಕಾರಣ ಲಿನಕ್ಸ್‌ಗೆ ಆಡುವವರಿಲ್ಲ, ಆಡುವವರಿಲ್ಲದ ಕಾರಣ ಆಟವಿಲ್ಲ ಎಂಬ ವಿಷವರ್ತುಲವನ್ನು ಒಡೆದವನು ದುಭಾಷಿಯೇ ಸರಿ.

ದುಭಾಷಿಗೂ ತೆರೆಯಲಾಗದ ಬಾಗಿಲುಗಳಿವೆ. ಅಂತರ್ಜಾಲದ ಮೂಲಕ ಹಲವರು ಕೂಡಿ ಆಡುವ ಸ್ಪರ್ಧೆಯ ಆಟಗಳಲ್ಲಿ ಮೋಸಗಾರರನ್ನು ಹಿಡಿಯಲು ಕಾವಲುಗಾರ ಪ್ರೋಗ್ರಾಂಗಳಿರುತ್ತವೆ. ಇವುಗಳಲ್ಲಿ ಕೆಲವು ವಿಂಡೋಸ್‌ನ ಗರ್ಭಗುಡಿಯನ್ನೇ ಹೊಕ್ಕು ಕುಳಿತುಕೊಳ್ಳುತ್ತವೆ. ಮಾತಿನ ಅನುವಾದ ಅಲ್ಲಿಗೆ ಮುಟ್ಟದು. ಇನ್ನು ಕೆಲವಕ್ಕೆ ಪ್ರೋಟಾನ್‌ನೊಡನೆ ಹೊಂದಿಕೊಳ್ಳುವ ಸೌಕರ್ಯ ೨೦೨೧ರಿಂದಲೂ ಇದೆ. ಆದರೆ ಅದಕ್ಕೆ ಆಟದ ಒಡೆಯರು ಒಪ್ಪಬೇಕು. ‘ಫೋರ್ಟ್‌ನೈಟ್’ನ ಒಡೆಯರು ಒಪ್ಪಿಲ್ಲ. ‘ಏಪೆಕ್ಸ್ ಲೆಜೆಂಡ್ಸ್’ನ ಒಡೆಯರು ಮೊದಲು ಒಪ್ಪಿ, ಲಿನಕ್ಸ್‌ನಿಂದ ಬರುವ ಮೋಸ ಹೆಚ್ಚಿತೆಂದು ೨೦೨೪ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿದರು. ನಿನ್ನೆಯವರೆಗೆ ನ್ಯಾಯವಾಗಿ ಆಡುತ್ತಿದ್ದವನು ಹೊರಗುಳಿದ. ಕೊಂಡ ಆಟವಾದರೂ ಕೀಲಿಕೈ ಮಾರಿದವನ ಸೊಂಟದಲ್ಲಿಯೇ ಇರುತ್ತದೆಂಬುದು ಆಗ ತಿಳಿಯುತ್ತದೆ. ಸರ್ವರ್ ನಿಂತ ದಿನ ಈ ಆಟಗಳನ್ನು ಯಾವ ದುಭಾಷಿಯೂ ಬದುಕಿಸಲಾರ.

ಈ ಮಾತು ನಮ್ಮ ಊರಿನವರಿಗೆ ಏಕೆ ಬೇಕು? ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ಕ್ಕೆ ‘ಟಿಪಿಎಂ ೨.೦’ ಎಂಬ ಭದ್ರತಾ ಭಾಗವೂ, ಪಟ್ಟಿಯಲ್ಲಿ ಹೆಸರಿರುವ ಪ್ರೊಸೆಸರೂ ಬೇಕು. ಕೈಕಾಲು ಗಟ್ಟಿಯಾಗಿರುವ ಅದೆಷ್ಟೋ ಯಂತ್ರಗಳಿಗೆ ಈ ಅರ್ಹತೆಯಿಲ್ಲ. ನಮ್ಮ ಕಾಲೇಜುಗಳಿಗೆ ಬರುವ ಹಳ್ಳಿಯ ಹುಡುಗರ ಕೈಯಲ್ಲಿರುವುದು ಬಹುಪಾಲು ಇಂಥವೇ; ಅಣ್ಣನಿಂದ ಬಂದುದು, ಇಲ್ಲವೇ ಎರಡನೆಯ ಕೈಯಿಂದ ಕೊಂಡುದು. ಅವರಲ್ಲೊಬ್ಬನಿಗೆ ಲಿನಕ್ಸ್ ಹಾಕಿಕೋ ಎಂದು ನಾನು ಹೇಳಿದಾಗ ಆತ ಕೇಳಿದ್ದು ಒಂದೇ ಪ್ರಶ್ನೆ. ಕನ್ನಡ ಬರೆಯಬಹುದೆ ಎಂದಲ್ಲ, ಲೆಕ್ಕ ಮಾಡಬಹುದೆ ಎಂದೂ ಅಲ್ಲ. ‘ನನ್ನ ಆಟಗಳು ಆಡುತ್ತವೆಯೆ, ಸಾರ್?’ ಎಂದು. ನಗುವ ಪ್ರಶ್ನೆಯಲ್ಲ. ರಜೆಯ ಕೂಲಿಯ ಹಣ ಕೂಡಿಟ್ಟು ಆತ ನಾಲ್ಕು ಆಟಗಳನ್ನು ಕೊಂಡಿದ್ದ. ಅವು ಆಡದಿದ್ದರೆ ಆತನ ಪಾಲಿಗೆ ಯಂತ್ರ ಅರ್ಧ ಸತ್ತಂತೆ. ನಾಲ್ಕರಲ್ಲಿ ಮೂರು ನಡೆದವು. ಒಂದನ್ನು ಕಾವಲುಗಾರ ತಡೆದ. ಲ್ಯಾಪ್‌ಟಾಪು ಗುಜರಿಗೆ ಹೋಗಲಿಲ್ಲ. ಅದರ ಮೇಲೆಯೇ ಆತನ ಪ್ರಬಂಧವೂ ಸಿದ್ಧವಾಯಿತು.

ಪ್ರಯತ್ನಿಸಬಯಸುವ ವಾಚಕರಿಗೆ ನಾಲ್ಕು ಮಾತು. ಮೊದಲು ನಿಮ್ಮ ಆಟ ಏಕಾಂಗಿಯಾಗಿ ಆಡುವುದೋ, ಅಂತರ್ಜಾಲದ ಸ್ಪರ್ಧೆಯದೋ ನೋಡಿಕೊಳ್ಳಿ. ಎರಡನೆಯದಾದರೆ ಆಸೆಯನ್ನು ಹದ್ದಿನಲ್ಲಿಡಿ. ಆಡಿ ನೋಡಿದವರ ವರದಿಗಳನ್ನು ‘ಪ್ರೋಟಾನ್‌ಡಿಬಿ’ ಎಂಬ ಪಟ್ಟಿ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸಿಟ್ಟಿದೆ. ಬೆಳ್ಳಿಗೆ ಕೆಳಗಿನದಾದರೆ ತಾಳ್ಮೆಯ ಪರೀಕ್ಷೆ ಖಚಿತ. ಸ್ಟೀಮ್‌ನಲ್ಲಿ ಕೊಂಡ ಆಟವಾದರೆ ಅದರ ‘ಕಂಪ್ಯಾಟಿಬಿಲಿಟಿ’ ವಿಭಾಗದಲ್ಲಿ ಪ್ರೋಟಾನ್ ಅನ್ನು ಆರಿಸಿದರೆ ಸಾಕು. ಬೇರೆ ಕಡೆ ಕೊಂಡುದಾದರೆ ಲ್ಯೂಟ್ರಿಸ್, ಹೀರೋಯಿಕ್, ಬಾಟಲ್ಸ್ ಎಂಬ ಸಹಾಯಕರಿದ್ದಾರೆ. ಹೊಸ ಆಟಗಳಿಗೆ ವಲ್ಕನ್ ಬಲ್ಲ ಗ್ರಾಫಿಕ್ಸ್ ಬೇಕು. ತೀರ ಹಳೆಯ ಯಂತ್ರದಲ್ಲಿ ಹಳೆಯ ಆಟಗಳಿಗೇ ತೃಪ್ತರಾಗಬೇಕು. ಮೊದಲ ಸಲ ಆಡುವಾಗ ಚಿತ್ರ ಅಲ್ಲಲ್ಲಿ ತಡವರಿಸಿದರೆ ಹೆದರಬೇಡಿ. ಚಿತ್ರದ ಸೂತ್ರಗಳನ್ನು ದುಭಾಷಿ ಆಗತಾನೆ ಅನುವಾದಿಸಿಕೊಳ್ಳುತ್ತಿರುತ್ತಾನೆ; ಎರಡನೆಯ ಸಲಕ್ಕೆ ಬರೆದಿಟ್ಟುಕೊಂಡಿರುತ್ತಾನೆ.

ಕೊನೆಯದಾಗಿ ಒಂದು ಮಾತು. ಯೂನಿಕೋಡ್‌ಗೆ ಮುಂಚೆ ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚಾದ ನಮ್ಮ ಕನ್ನಡದ ಬರಹಗಳು ಪರಿವರ್ತಿಸುವವರಿಲ್ಲದೆ ಇಂದಿಗೂ ಎಷ್ಟೋ ಡಿಸ್ಕುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬಿದ್ದಿವೆ. ಆಟಕ್ಕೆ ಬಂದ ಗಂಡಾಂತರವೇ ಅಕ್ಷರಕ್ಕೂ ಬಂದಿದೆ. ಆಟದವರು ತಮ್ಮ ಪಾಲಿನದನ್ನು ಉಳಿಸಿಕೊಳ್ಳಲು ಮೂವತ್ತು ವರ್ಷಗಳಿಗೂ ಮೀರಿ ಬೇಸರಿಸದೆ ದುಡಿದರು. ನಮ್ಮ ಮನೆಯ ಹಳೆಯ ಡಿಸ್ಕುಗಳನ್ನು ಈ ಭಾನುವಾರ ಹೊರತೆಗೆದು, ಅವುಗಳೊಳಗೆ ಏನಿದೆಯೆಂದು ನೋಡುವಷ್ಟನ್ನಾದರೂ ನಾವು ಮಾಡಬಾರದೆ?